ಮೌಸ್ ಹಿಡಿಯುವ ಕ್ರಮಕ್ಕೆ ಹತ್ತು ಅಂಕ

ಆ ದಿನ ಬೆಳಿಗ್ಗೆ ಎಂಟಾದರೂ ಮಂಜು ಕರಗಿರಲಿಲ್ಲ. ಮಾವಿನ ಮರಗಳು ಮೈತುಂಬ ಹೂ ಹೊತ್ತು ನಿಂತಿದ್ದ ಕಾಲ. ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೊರಟ ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಇನ್ನೆರಡು ದಿನ ಹೀಗೇ ಸುರಿದರೆ ಹೂವೆಲ್ಲ ಕಪ್ಪಾಗಿ ಉದುರಿಹೋಗುತ್ತದೆ. ಕಿಟಕಿಯ ಪಕ್ಕ ಕೂತಿದ್ದ ನಾಗರಾಜರಾಯರಿಗೆ ಮಾತ್ರ ಹೂವಿನ ಚಿಂತೆ ಇರಲಿಲ್ಲ. ಅವರು ಬಲಗೈಯನ್ನು ತೊಡೆಯ ಮೇಲಿಟ್ಟು, ಕಣ್ಣಿಗೆ ಕಾಣದ ಯಾವುದೋ ವಸ್ತುವನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದರು.

ರಾಯರು ಮಾವು ಬೆಳೆಗಾರರ ಸಂಘದಲ್ಲಿ ಇಪ್ಪತ್ತಾರು ವರ್ಷಗಳಿಂದ ಗುಮಾಸ್ತರು. ಎರಡು ಸಾವಿರದ ಇಸವಿ ಹುಟ್ಟುತ್ತಲೇ ಸಂಘಕ್ಕೆ ಒಂದು ಕಂಪ್ಯೂಟರ್ ಬಂತು, ಅದರ ಬೆನ್ನಿಗೇ ಒಂದು ತೀರ್ಮಾನವೂ ಬಂತು. ಇದ್ದ ಇಬ್ಬರು ಗುಮಾಸ್ತರಿಗೆ ಪರೀಕ್ಷೆ ನಡೆಸುವುದು. ಗೆದ್ದವರು ಇಲ್ಲೇ ಕಂಪ್ಯೂಟರಿನ ಮುಂದೆ, ಸೋತವರು ಲಕ್ಕೂರಿನ ಡಿಪೋಗೆ. ಲಕ್ಕೂರೆಂದರೆ ಕೋಲಾರ, ಮಾಲೂರು ದಾಟಿ ಮೂರು ಬಸ್ಸು. ಹೊತ್ತು ಹುಟ್ಟುವ ಮೊದಲೇ ಮನೆ ಬಿಡಬೇಕು. ಹಾಗಾದರೆ ಸಂಧ್ಯಾವಂದನೆಯ ಅರ್ಘ್ಯವನ್ನು ಕಂಡಕ್ಟರಿಗೆ ಕೊಡುವುದೇ ಎಂದು ರಾಯರ ಸಂಕಟ. ಇನ್ನೊಬ್ಬ ಗುಮಾಸ್ತೆ ಯಲ್ದೂರಿನ ಸರಳಾ. ಸೇರಿ ಮೂರು ವರ್ಷವಾಗಿತ್ತು, ಮನೆಯಲ್ಲಿ ಹಾಲು ಕುಡಿಯುವ ಮಗು. "ಲಕ್ಕೂರಿಗೆ ಹಾಕಿದ್ರೆ ಕೆಲಸ ಬಿಡೋದೇ ಸಾರ್, ಇನ್ನೇನು ಮಾಡ್ಲಿ?" ಎಂದು ಅವಳು ಒಮ್ಮೆ ಹೇಳಿದ್ದಳು. ರಾಯರು ಪಾಪ ಅಂದುಕೊಂಡಿದ್ದರು. ಅಂದುಕೊಂಡು ತಮ್ಮ ಬೆರಳುಗಳ ಅಭ್ಯಾಸಕ್ಕೆ ಮರಳಿದ್ದರು.

ಬೆರಳಿನ ವಿಷಯ ಹುಟ್ಟಿದ್ದು ಹೀಗೆ. ಕಂಪ್ಯೂಟರ್ ಕೂರಿಸಲು ಬಂದ ತರುಣ ಒಂದೇ ಮಧ್ಯಾಹ್ನ ಇದ್ದು, "ಮೊದ್ಲು ಮೌಸ್ ಸರಿಯಾಗಿ ಹಿಡಿಯೋದು ಕಲೀರಿ, ಮಿಕ್ಕಿದ್ದು ತಾನಾಗೇ ಬರುತ್ತೆ" ಎಂದು ಹೇಳಿ ಬಸ್ಸು ಹತ್ತಿದ್ದ. ಸಂಘ ಅದನ್ನು ಗುರೂಪದೇಶವೆಂದೇ ಸ್ವೀಕರಿಸಿತು. ಮಿಕ್ಕಿದ್ದು ತಾನಾಗಿ ಬರಲೆಂದು ಮೂರು ವಾರ ಎಲ್ಲರೂ ಮೌಸ್ ಹಿಡಿದರು.

ಕಾರ್ಯದರ್ಶಿ ಕೋದಂಡರಾಮಪ್ಪನವರದು ಮುಷ್ಟಿಯ ಹಿಡಿತ. ಮಾವಿನ ಮಂಡಿಯಲ್ಲಿ ಬಾದಾಮಿ ಹಣ್ಣನ್ನು ಅಂಗೈಯೊಳಗಿಟ್ಟು ಅದುಮಿ ನೋಡಿದಂತೆ ಅದುಮುತ್ತಿದ್ದರು. ಎರಡು ಗುಂಡಿಯೂ ಒಟ್ಟಿಗೇ ಒತ್ತಿಕೊಳ್ಳುತ್ತಿದ್ದವು. ಜವಾನ ಆವಲಪ್ಪ ಬಿಸಿ ಕಾಫಿ ಲೋಟ ಹಿಡಿದಂತೆ ತುದಿಬೆರಳುಗಳಲ್ಲಿ ಹಿಡಿದು, ಎತ್ತಿ, ಗಾಳಿಯಲ್ಲೇ ಆಡಿಸುತ್ತಿದ್ದ.

"ಏನ್ಲಾ, ಮೌಸೋ ಮಂಗಳಾರತಿಯೋ?" ಎಂದು ಕಾರ್ಯದರ್ಶಿಗಳು ರೇಗಿಸಿದರೆ, "ನೀವು ಹಿಂಡಿದ್ರೆ ಅದ್ರಾಗೆ ರಸ ಬರ್ತೈತಾ ಸಾಮಿ?" ಎಂದು ಆವಲಪ್ಪ ಕೇಳುತ್ತಿದ್ದ.

ರಾಯರದು ಇವೆಲ್ಲಕ್ಕಿಂತ ಬೇರೆ. ಧೂಳು ಕೂರಬಾರದೆಂದು ಆವಲಪ್ಪ ಮೌಸಿನ ಮೇಲೆ ಒಂದು ಬಟ್ಟೆ ಮುಚ್ಚಿದ್ದ. ಅದರ ಒಳಗೆ ಕೈ ಹೋದ ಗಳಿಗೆಯೇ ರಾಯರ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು. ಎಂಟನೇ ವಯಸ್ಸಿನ ಮುಂಜಿಯಿಂದ ಅವರು ಬಟ್ಟೆಯ ಮರೆಯಲ್ಲಿ ಜಪಮಣಿ ಎಣಿಸಿದವರು. ಜಪಕ್ಕೆ ತೋರುಬೆರಳು ತಾಕಬಾರದು. ಹೆಬ್ಬೆರಳು, ನಡುಬೆರಳಷ್ಟೇ ಕೆಲಸ ಮಾಡಬೇಕು. ಹಾಗಾಗಿ ಅವರ ನಡುಬೆರಳು ಸದಾ ಬಲಗಡೆಯ ಗುಂಡಿಯನ್ನೇ ಒತ್ತುತ್ತಿತ್ತು. ಒತ್ತಿದಾಗಲೆಲ್ಲ ಪರದೆಯ ಮೇಲೆ ಉದ್ದನೆಯದೊಂದು ಪಟ್ಟಿ ಇಳಿಯುತ್ತಿತ್ತು. ಅದನ್ನು ಮೇಲಿಂದ ಕೆಳಗೆ ಪಾರಾಯಣ ಮಾಡಿ, ಬೇಕಾದ ಸಾಲನ್ನು ಆರಿಸಿ ರಾಯರು ಮುಂದೆ ಹೋಗುತ್ತಿದ್ದರು. "ಪ್ರತಿ ಸಲ ನಮ್ಮನ್ನ ಕೇಳೇ ಮುಂದಕ್ಕೆ ಹೋಗತ್ತೆ ಕಣ್ರೀ, ಎಷ್ಟು ವಿನಯ!" ಎಂದು ಅವರಿಗೆ ಯಂತ್ರದ ಮೇಲೆ ಗೌರವವೂ ಹುಟ್ಟಿತ್ತು.

ಸರಳಾಗೆ ಯಾವ ಕ್ರಮವೂ ಇರಲಿಲ್ಲ. ಕೈಗೆ ಬಂದಂತೆ ಹಿಡಿಯುತ್ತಿದ್ದಳು. ಉಳಿದವರು ಹಿಡಿತದ ಚರ್ಚೆಗೆ ಕಾಫಿ ತರಿಸಿಕೊಳ್ಳುವಾಗ ಅವಳು ಕೂತು ಸದಸ್ಯರ ಹೆಸರುಗಳನ್ನು ಒಂದೊಂದಾಗಿ ಒಳಗೆ ತುಂಬುತ್ತಿದ್ದಳು.

ಮಂಜಿನ ಆ ದಿನವೇ ಪರೀಕ್ಷೆ. ಕೋಲಾರದಿಂದ ಬಂದ ಪರೀಕ್ಷಕರು ಕಂಪ್ಯೂಟರನ್ನು ನಾಲ್ಕು ಮಾರು ದೂರದಿಂದಲೇ ನೋಡಿ ನಮಸ್ಕರಿಸುವಂಥವರು. ಅಂಕಪಟ್ಟಿ ಬರೆದವರು ಕೋದಂಡರಾಮಪ್ಪ: ಕೂರುವ ಭಂಗಿಗೆ ಹತ್ತು, ಮೌಸ್ ಹಿಡಿಯುವ ಕ್ರಮಕ್ಕೆ ಹತ್ತು, ಸದಸ್ಯರ ಪಟ್ಟಿ ತೆಗೆದು ಮುದ್ರಿಸುವುದಕ್ಕೆ ಐದು.

ರಾಯರು ಮೊದಲು ಕೂತರು. ಬೆನ್ನು ನೆಟ್ಟಗೆ, ಕಣ್ಣು ಅರೆಮುಚ್ಚಿ, ಬಟ್ಟೆಯೊಳಗೆ ಕೈ, ತೋರುಬೆರಳು ಮೇಲೆ. "ಏನ್ ಏಕಾಗ್ರತೆ ರೀ!" ಎಂದು ಪರೀಕ್ಷಕರು ಪಿಸುಗುಟ್ಟಿದರು. ಇಪ್ಪತ್ತು ನಿಮಿಷ ಕಳೆದು ಪಟ್ಟಿ ಹೊರಬಂತು.

ಸರಳಾ ಕೂತಾಗ ಮೌಸ್ ಕೆಲಸ ಮಾಡಲಿಲ್ಲ. ಅವಳು ಅದನ್ನು ಪಕ್ಕಕ್ಕೆ ತಳ್ಳಿ, ಬರೀ ಕೀಲಿಗಳನ್ನೇ ಒತ್ತಿ, ಊರಿನ ಪ್ರಕಾರ ವಿಂಗಡಿಸಿದ ಪಟ್ಟಿಯನ್ನು ನಾಲ್ಕು ನಿಮಿಷದಲ್ಲಿ ಕೈಗಿಟ್ಟಳು.

"ಮೌಸ್ ಮುಟ್ಟಲೇ ಇಲ್ವಲ್ಲಮ್ಮಾ?"

"ಅದು ಓಡ್ತಿಲ್ಲ ಸಾರ್. ಅಡಿಯಲ್ಲಿ ಉರುಳೋ ಚೆಂಡಿಗೆ ಧೂಳು ಹಿಡಿದಿದೆ."

"ಅದು ಸರಿ. ಮುಟ್ಟದೇ ಇದ್ರೆ ಕ್ರಮಕ್ಕೆ ನಾನೇನಂತ ಅಂಕ ಹಾಕ್ಲಿ?" ಎಂದು ಪರೀಕ್ಷಕರು ನಿಜವಾದ ಮರುಕದಿಂದಲೇ ಸೊನ್ನೆ ಸುತ್ತಿದರು.

ರಾಯರಿಗೆ ಇಪ್ಪತ್ತೆರಡು, ಸರಳಾಗೆ ಹದಿನೈದು. ರಾಯರನ್ನು ಕಂಪ್ಯೂಟರಿಗೂ ಸರಳಾಳನ್ನು ಲಕ್ಕೂರಿಗೂ ನೇಮಿಸುವ ಆದೇಶವನ್ನು ಕೋದಂಡರಾಮಪ್ಪನವರು ಹಳೆಯ ಟೈಪ್‌ರೈಟರಿನಲ್ಲಿ ಕುಟ್ಟಿ ರಾಯರ ಕೈಗಿತ್ತರು. ಪರೀಕ್ಷಕರು ಊಟ ಮುಗಿಸಿ ಹೊರಟರು. ರಾಯರು ಮನಸ್ಸಿನಲ್ಲೇ ಆಂಜನೇಯನಿಗೆ ಒಂದು ವಡೆಮಾಲೆ ಹರಸಿಕೊಂಡರು.

ಮಧ್ಯಾಹ್ನ ಸಂಘದ ಅಧ್ಯಕ್ಷ ದೊಡ್ಡವೆಂಕಟಪ್ಪ ಹತ್ತು ಹದಿನೈದು ಜನ ಬೆಳೆಗಾರರೊಂದಿಗೆ ಬಂದರು. "ಸ್ವಾಮೇರೇ, ಮಂಜು ಬಿದ್ದೈತೆ, ಔಷಧಿ ಹಂಚ್ಬೇಕು. ಯಲ್ದೂರು ಕಡೇರ್ದು ಮಾತ್ರ ಪಟ್ಟಿ ತೆಗೀರಿ. ತೊಂದರಗಾ, ಬೇಗ!"

ರಾಯರು ಬಟ್ಟೆಯೊಳಗೆ ಕೈಯಿಟ್ಟರು. ಮೌಸ್ ಜಪ್ಪಯ್ಯ ಅನ್ನಲಿಲ್ಲ. ಹಿಂದೆ ಜನ ಕೆಮ್ಮತೊಡಗಿದರು.

ಅಷ್ಟರಲ್ಲಿ ಸರಳಾ ನೀರಿನ ಲೋಟ ತಂದು ಮೇಜಿನ ಮೇಲಿಟ್ಟಳು. ಇಡುವ ನೆಪದಲ್ಲಿ ಬಾಗಿ, ಅವರಿಗಷ್ಟೇ ಕೇಳುವಂತೆ, ಯಾವ ಕೀಲಿಯ ನಂತರ ಯಾವುದು ಎಂದು ಹೇಳುತ್ತ ಹೋದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ. ರಾಯರು ಅವಳು ಹೇಳಿದಂತೆ ಒತ್ತಿದರು. ಪಟ್ಟಿ ಹೊರಬಂತು.

"ನೋಡ್ರಪ್ಪಾ, ಸ್ವಾಮೇರ ಕೈಗುಣ!" ಎಂದರು ಅಧ್ಯಕ್ಷರು. ಸರಳಾ ಆಗಲೇ ತನ್ನ ಮೇಜಿಗೆ ಹೋಗಿ ಡ್ರಾಯರು ಖಾಲಿ ಮಾಡುತ್ತಿದ್ದಳು.

ಜನ ಹೋದ ಮೇಲೆ ರಾಯರು ಪಟ್ಟಿಯ ಇನ್ನೊಂದು ಪ್ರತಿಯನ್ನು ಸಾಲು ಸಾಲಾಗಿ ಓದಿದರು. ಒಂದು ಹೆಸರೂ ತಪ್ಪಿರಲಿಲ್ಲ. ಒಂದು ಹೆಸರನ್ನೂ ಅವರು ಬರೆದಿರಲಿಲ್ಲ. ಜನ್ಮದಲ್ಲಿ ಇನ್ನೊಬ್ಬರ ಮನೆಯ ತುಳಸಿ ದಳವನ್ನೂ ಕೇಳದೆ ಕಿತ್ತವರಲ್ಲ ಅವರು. ಬೆಳಿಗ್ಗೆ ಆ ಪಟ್ಟಿಯನ್ನು ತಮ್ಮದೆಂಬಂತೆ ಪರೀಕ್ಷಕರ ಮುಂದಿಟ್ಟಾಗ, ಇದು ಸರಳಾಳದು ಎನ್ನಲು ನಾಲಗೆ ಮಾತ್ರ ಎದ್ದಿರಲಿಲ್ಲ.

ಆದೇಶವನ್ನು ಮೇಜಿನ ಮೇಲೆ ಹರಡಿ, ಅದರ ಬುಡದಲ್ಲಿ ಪೆನ್ನಿನಿಂದ ಬರೆದರು: ಪಟ್ಟಿ ತಯಾರಿಸಿದವರು ಸರಳಾ. ನಾನು ಮುದ್ರಿಸಿದ್ದು ಮಾತ್ರ. ಅವರ ಬದಲು ಲಕ್ಕೂರಿಗೆ ಹೋಗಲು ನನ್ನ ಒಪ್ಪಿಗೆ ಇದೆ.

ಕೋದಂಡರಾಮಪ್ಪ ಓದಿ ಕನ್ನಡಕ ತೆಗೆದರು. "ಇದೇನ್ ಸ್ವಾಮಿ, ಗೆದ್ದೋರು ಯಾರಾದ್ರೂ ಹಿಂಗ್ ಮಾಡ್ತಾರಾ? ಅಂಥಾ ಹಿಡಿತ ಇಟ್ಕೊಂಡು!"

"ಸಹಿ ಹಾಕಿ ಕೋದಂಡರಾಮಪ್ಪನೋರೆ."

ಅವರು ಗೊಣಗುತ್ತ ಹಾಕಿದರು. ಸರಳಾ ಊಟದ ಡಬ್ಬಿಯನ್ನು ಚೀಲಕ್ಕೆ ತುಂಬುತ್ತಿದ್ದಳು. ರಾಯರು ಕಾಗದವನ್ನು ಎರಡಾಗಿ ಮಡಿಸಿ, ಅವಳ ಕೈಗೆ ಕೊಟ್ಟರು.

"ತಗೋಮ್ಮಾ, ಇದು ನಿಂದು."