ಏಪ್ರನ್ನಿನ ಒಳಮೈ

ಟಿವಿಯ ಹೊಲಿಗೆ ಸ್ಪರ್ಧೆಯ ಆರನೇ ಸುತ್ತಿನಲ್ಲಿ ಟೈಲರಮ್ಮ ಮೋಸ ಮಾಡಿದಳು. ಇಪ್ಪತ್ತೆರಡು ವರ್ಷ ಬಸ್ ನಿಲ್ದಾಣದ ಹಿಂದಿನ ಪುಟ್ಟ ಅಂಗಡಿಯಲ್ಲಿ ಹೆಂಗಸರ ಬಟ್ಟೆ ಹೊಲಿದು ಹೆಸರು ಮಾಡಿದವಳಿಗೆ ಕೋಟು ಮಾತ್ರ ಕೈಗೆ ಹತ್ತಿರಲಿಲ್ಲ. ಮುಂದಿನ ಸುತ್ತಿಗೆ ಕೋಟೇ ಎಂದು ಮೇಕಪ್ ಕೋಣೆಯಲ್ಲಿ ಯಾರೋ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿತ್ತು. ಟೇಪು, ಕತ್ತರಿ ಬಿಟ್ಟು ಬೇರೇನೂ ತರಕೂಡದೆಂಬುದು ನಿಯಮ. ಅವಳು ಕೋಟಿನ ತೋಳಿನ ನಕ್ಷೆಯನ್ನು, ಸ್ಪರ್ಧೆಯವರೇ ಕೊಟ್ಟಿದ್ದ ಏಪ್ರನ್ನಿನ ಒಳಮೈಯಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡು ಹೋದಳು. ಬೆವರು ಒರೆಸುವ ನೆಪದಲ್ಲಿ ಎರಡು ಸಲ ಅಂಚು ಎತ್ತಿ ನೋಡಿದಳು.

ಅಂದು ಹೊರಬಿದ್ದವರು ಪಕ್ಕದ ಮೇಜಿನ ಯೂನಿಫಾರ್ಮ್ ಅಣ್ಣ. ಶಾಲೆ ಮಕ್ಕಳ ಬಟ್ಟೆ ಹೊಲಿಯುವ, ಅರವತ್ತು ದಾಟಿದ ಮನುಷ್ಯ. ಅವರ ಕೋಟಿನ ತೋಳು ಭುಜದ ಹತ್ತಿರ ಸುಕ್ಕುಗಟ್ಟಿತ್ತು. ಅವಳಿಗೂ ಅವರಿಗೂ ಒಂದೇ ಅಂಕದ ಅಂತರ. ಹೋಗುವಾಗ ಅವಳ ತಲೆ ಸವರಿ, "ತೋಳು ಬಲು ಚೆನ್ನಾಗಿ ಕೂರಿಸಿದೀಯಮ್ಮ, ಗೆದ್ದು ಬಾ" ಎಂದರು.

ಅವತ್ತಿನಿಂದ ಟೈಲರಮ್ಮನಿಗೆ ಊಟ ಸೇರಲಿಲ್ಲ. ಆ ಸುತ್ತು ಟಿವಿಯಲ್ಲಿ ಬಂದ ಮರುದಿನವೇ ನಿರ್ಮಾಪಕಿಯ ಕೋಣೆಗೆ ಹೋಗಿ, ಏಪ್ರನ್ನನ್ನು ಮೇಜಿನ ಮೇಲೆ ಹರಡಿ, ನಡೆದದ್ದನ್ನೆಲ್ಲ ಹೇಳಿದಳು.

"ನಮಗೆ ಗೊತ್ತು," ಎಂದಳು ನಿರ್ಮಾಪಕಿ, ಕಂಪ್ಯೂಟರಿನಿಂದ ಕಣ್ಣು ಕೀಳದೆ. "ಮೂರನೇ ಕ್ಯಾಮೆರಾದಲ್ಲಿ ಸಿಕ್ಕಿತ್ತು. ಅಷ್ಟನ್ನ ಕತ್ತರಿಸಿ ಹಾಕಿದೀವಿ."

"ನನ್ನನ್ನ ಕರೆದು ಕೇಳಬೇಕಿತ್ತಲ್ವಾ?"

"ಜನ ನಿಮ್ಮನ್ನ ತಲೆ ಮೇಲೆ ಹೊತ್ಕೊಂಡಿದಾರೆ ಅಮ್ಮ. ಕೊನೇವರೆಗೂ ನೀವು ಬೇಕು. ಏಪ್ರನ್ ಒಗೆದುಬಿಡಿ, ಮುಗೀತು."

ಏಟು ತಿನ್ನಲು ಸಿದ್ಧಳಾಗಿ ಹೋದವಳನ್ನು ಬೆನ್ನು ತಟ್ಟಿ ಕಳಿಸಿದರು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ನೇರ ಬಸ್ಸು ಹತ್ತಿ ಯೂನಿಫಾರ್ಮ್ ಅಣ್ಣನ ಅಂಗಡಿಗೆ ಹೋದಳು.

ಅವರು ಗುಂಡಿ ಹಾಕುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ಪೆನ್ಸಿಲ್ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು.

"ನನ್ನ ತೋಳು ಕೆಟ್ಟಿದ್ದು ನನ್ನಿಂದಲೇ," ಎಂದರು. "ಇದಿಲ್ದಿದ್ರೆ ನಿನ್ನದೂ ಕೆಡ್ತಿತ್ತು."

"ಹೌದಣ್ಣ."

"ಈಗ ನನ್ನ ಕಿವೀಲಿ ಬಂದು ಹೇಳ್ತಿದೀಯ. ನಾನು ಸೋತಿದ್ದನ್ನ ಊರೆಲ್ಲ ನೋಡಿದೆ. ಮೊಮ್ಮಗಳ ಕ್ಲಾಸಿನೋರೂ ನೋಡಿದಾರೆ."

"ಏನ್ ಮಾಡ್ಲಿ ಅಣ್ಣ?"

"ಅದನ್ನೂ ನಾನೇ ಹೇಳ್ಬೇಕಾ?" ಎಂದು ಸೂಜಿಗೆ ದಾರ ಪೋಣಿಸತೊಡಗಿದರು.

ಮನೆಗೆ ಬಂದು ಮಗಳ ಕೈಗೆ ಫೋನು ಕೊಟ್ಟಳು. "ವಿಡಿಯೋ ಮಾಡು."

"ಅಮ್ಮಾ, ತಲೆ ಕೆಟ್ಟಿದೆಯಾ? ಅಂಗಡಿ ಬಾಗಿಲು ಹಾಕ್ಬೇಕಾಗತ್ತೆ!"

"ಹಾಕೋಣ. ನೀನು ಕೈ ಅಲುಗಿಸ್ಬೇಡ."

ಏಪ್ರನ್ನಿನ ಒಳಮೈ ತೋರಿಸಿ ತಾನು ಮಾಡಿದ್ದನ್ನು ಹೇಳಿದಳು. ಮೂರನೇ ಕ್ಯಾಮೆರಾದ ಸಂಗತಿಯನ್ನೂ ಬಿಡಲಿಲ್ಲ. ಮಗಳು ನೆಟ್ಟಿಗೆ ಹಾಕಿದ ವಿಡಿಯೋ ಕಾಳ್ಗಿಚ್ಚಿನಂತೆ ಹಬ್ಬಿತು. ಮರುದಿನ ಚಾನೆಲ್ಲಿನವರು, ಮೋಸ ಮಾಡಿದ ಸ್ಪರ್ಧಿಯನ್ನು ಹೊರಗೆ ಹಾಕಿದ್ದೇವೆ, ನಮಗೆ ಪ್ರಾಮಾಣಿಕತೆಯೇ ಮುಖ್ಯ ಎಂದು ಪ್ರಕಟಣೆ ಹೊರಡಿಸಿದರು. ತಮಗೆ ಮೊದಲೇ ಗೊತ್ತಿದ್ದುದರ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಅವಳ ಜಾಗಕ್ಕೆ ಬೇರೆ ಯಾರೋ ಚೆಲುವೆಯನ್ನು ಕರೆದರು.

ಅಂಗಡಿಯಲ್ಲಿ ಐದಾರು ಜನ ಹೊಲಿಯಲು ಕೊಟ್ಟ ಬಟ್ಟೆ ವಾಪಸು ಒಯ್ದರು. "ನಮ್ಮ ಬಟ್ಟೇಲೂ ಏನೇನು ಮಾಡಿದೀಯೋ" ಎಂದಳು ಹದಿನೈದು ವರ್ಷದಿಂದ ಬರುತ್ತಿದ್ದ ಗಿರಾಕಿ. ಒಂದಿಂಚು ಬಟ್ಟೆಯನ್ನೂ ಕದ್ದವಳಲ್ಲ ಟೈಲರಮ್ಮ; ಆದರೂ ಅವಳ ಬಟ್ಟೆ ಮಡಿಸಿ ಕೈಗೆ ಕೊಟ್ಟಳು.

ವಾರದ ಮೇಲೆ ಯೂನಿಫಾರ್ಮ್ ಅಣ್ಣನಿಗೆ ಫೋನು ಮಾಡಿದಳು.

"ನೋಡ್ದೆ," ಎಂದರು. "ಮೊಮ್ಮಗಳಿಗೂ ತೋರಿಸ್ದೆ." ಆ ಕಡೆ ಮಿಷನ್ನಿನ ಸದ್ದು ನಿಂತಿತು. "ನನ್ನ ವಾಪಸ್ ಕರೀಲಿಲ್ಲ ಅವರು."

"ಗೊತ್ತಣ್ಣ."

ಆ ಕಡೆ ಮಿಷನ್ ಮತ್ತೆ ಸದ್ದು ಮಾಡತೊಡಗಿತು, ಅವರು ಫೋನು ಮಾತ್ರ ಇಡಲಿಲ್ಲ. ಟೈಲರಮ್ಮನೂ ಇಡಲಿಲ್ಲ.