ಇನ್ನೊಬ್ಬಳ ಗೆರೆ

ನೆನೆಹಾಕಿದ ನಕ್ಷೆಬಟ್ಟೆಯ ವಾಸನೆ ನೀಲಾಂಬಿಕೆಗೆ ಎಳೆತನದಿಂದಲೂ ಗೊತ್ತು. ಹುಳಿಬಂದ ಗಂಜಿಗೆ ಸ್ವಲ್ಪ ಮೇಣ, ಸ್ವಲ್ಪ ಮಸಿ ಬೆರೆತಂಥ ವಾಸನೆ. ಅವಳ ತಂದೆ ಎಡತೊರೆಯಲ್ಲಿ ನಾಲೆಯ ಓವರ್ಸಿಯರ್ ಆಗಿದ್ದರು. ಗಂಜಿ ಹಾಕಿದ ಬಟ್ಟೆಯ ಮೇಲೆ ಬರೆದ, ಕಚೇರಿಗೆ ಬೇಡವಾದ ಹಳೆಯ ನಕ್ಷೆಗಳನ್ನು ಮನೆಗೆ ತಂದರೆ, ತಾಯಿ ಅವನ್ನು ಹಿತ್ತಲ ಹಂಡೆಯಲ್ಲಿ ಮುಳುಗಿಸಿಡುತ್ತಿದ್ದರು. ಗಾಜಿನಂತೆ ಹೊಳೆಯುತ್ತಿದ್ದ ಗಡುಸು ಬಟ್ಟೆಯ ಗಂಜಿಯೆಲ್ಲ ಕರಗಿ, ತೂಬು ಸೇತುವೆಗಳು ನೀರುಪಾಲಾಗಿ, ಸಂಜೆಗೆ ಹೂವಿನಂಥ ಮೆತ್ತನೆಯ ಬಿಳಿ ಬಟ್ಟೆ ಕೈಗೆ ಬರುತ್ತಿತ್ತು. ಓವರ್ಸಿಯರರ ಮನೆಯ ಕೂಸುಗಳೆಲ್ಲ ಅದರ ಅಂಗಿ ಕುಲಾವಿ ತೊಟ್ಟೇ ಬೆಳೆದವು.

ಅವಳು ಮೈಸೂರಿನ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ, ಹುಣಸೂರಿನ ಓವರ್ಸಿಯರ್ ವೀರಭದ್ರಸ್ವಾಮಿಯ ಕೈಹಿಡಿದು ಬಂದಾಗ, ಜೊತೆಗೆ ತಂದ ನಿಜವಾದ ಆಸ್ತಿಯೆಂದರೆ ಅವಳ ಕೈಯ ಗೆರೆ. ಗಂಡ ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ನಕ್ಷೆ ಬರೆಯುವನು. ಅದರ ಮೇಲೆ ಗಂಜಿ ಹಾಕಿದ ಈ ನಕ್ಷೆಬಟ್ಟೆ ಹಾಸಿ, ಕೆಳಗೆ ಮಸುಕಾಗಿ ಕಾಣುವ ಗೆರೆಗಳನ್ನು ಮಸಿಯಲ್ಲಿ ಎಳೆಯುವವಳು ಅವಳು. ಕಚೇರಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗಬೇಕಾಗಿಯೂ ಇರಲಿಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡ ಹೆಂಡಿರ ನಗು, ಜಗಳ, ರಾಜಿ ಎಲ್ಲವೂ ನಡೆಯುತ್ತಿದ್ದದ್ದು ಕಿಟಕಿ ಪಕ್ಕದ ಆ ಮೇಜಿನ ಎರಡು ಬದಿಗಳಲ್ಲಿ.

ಯುದ್ಧದ ಕಾಲ ಅದು. ಪಿರಿಯಾಪಟ್ಟಣದ ಕಡೆಯ ಗೋಮಾಳದಲ್ಲಿ ವಿಮಾನ ನಿಲ್ದಾಣ ಮಾಡಬಹುದೇ, ನಕ್ಷೆ ಸಿದ್ಧಪಡಿಸಿ ಎಂದು ಮೇಲಿನಿಂದ ಆಜ್ಞೆ ಬಂದದ್ದೇ ತಡ, ವೀರಭದ್ರಸ್ವಾಮಿ ಮೈಮೇಲೆ ಬಂದವನಂತಾದ. ಊಟದ ಎಲೆಯ ಮೇಲೂ ಅದೇ. ಪಲ್ಯವನ್ನು ಉದ್ದಕ್ಕೆ ಎಳೆದು ತೋರಿಸುತ್ತಿದ್ದ.

"ನೋಡು ನೀಲಾ, ಮುಂಗಾರು ಗಾಳಿ ನೈಋತ್ಯದಿಂದ. ವಿಮಾನ ಗಾಳಿಗೆ ಎದುರಾಗಿ ಇಳೀಬೇಕು. ಅದಕ್ಕೇ ದೊಡ್ಡ ರನ್‌ವೇ ಹೀಗೆ. ಗಾಳಿ ದಿಕ್ಕು ಬದಲಾಯಿಸಿದ ದಿನಕ್ಕೆ ಅಡ್ಡಕ್ಕೊಂದು ಚಿಕ್ಕದು. ಉಪ್ಪಿನಕಾಯಿ ಪೆಟ್ರೋಲ್ ಮನೆ, ಅದು ದೂರ ಇರಬೇಕು."

"ಹಪ್ಪಳ?"

"ಹಪ್ಪಳ ವಿಮಾನದ ಷೆಡ್ಡು. ಮುರೀಬೇಡ."

"ಮಜ್ಜಿಗೆ ಬಡಿಸಿದ್ರೆ ಎಲ್ಲ ಕೊಚ್ಚಿಕೊಂಡು ಹೋಗುತ್ತೆ. ಚರಂಡಿ ಎಲ್ಲಿ?"

ಅವನು ಎಂಜಲುಗೈಯಲ್ಲೇ ಎದ್ದು ಹೋಗಿ ಚರಂಡಿ ಗುರುತು ಹಾಕಿಬಂದ.

ಅಷ್ಟರಲ್ಲಿ ಅವಳಿಗೆ ವಿಷಮಶೀತ ಜ್ವರ ಬಂತು. ಎದ್ದು ಕೂರುವ ಹೊತ್ತಿಗೆ ಮಳೆಗಾಲ ಅರ್ಧ ಕಳೆದಿತ್ತು. ಲೋಟ ಎತ್ತಿದರೆ ಕೈ ಸಣ್ಣಗೆ ನಡುಗುತ್ತಿತ್ತು. ಪೆನ್ನು ಹಿಡಿದರೆ ಸರಿಹೋಗುತ್ತದೆ ಎಂದುಕೊಂಡಳು. ಮಸಿ ಬಾಟಲಿ ತೊಳೆದಿಟ್ಟು, ಗಂಡ ಕೇಳಲಿ ಎಂದು ಕಾದಳು. ಅವನು ಕೇಳಲಿಲ್ಲ. ಒಂದು ಸಂಜೆ ಬಟ್ಟೆಯ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಮೇಜಿನ ಮೇಲೆ ಬಿಡಿಸಿದ.

ರನ್‌ವೇಗಳು ಎಳೆದ ತಂತಿಯ ಹಾಗಿದ್ದವು. ಗಾಳಿಯ ದಿಕ್ಕು ತೋರುವ ಗಾಳಿಚೀಲ ಕಟ್ಟುವ ಕಂಬ, ಬಾವಿ, ದನ ನುಗ್ಗದ ಹಾಗೆ ಸುತ್ತ ಕತ್ತಾಳೆ ಬೇಲಿ. ಇನ್ನೊಂದು ಹಾಳೆಯಲ್ಲಿ ಪ್ರಯಾಣಿಕರ ಕಟ್ಟಡ: ಜಗಲಿ, ನಡುವಿನ ಹಜಾರ, ಟಿಕೀಟಿನ ಕೋಣೆ, ಹೆಂಗಸರ ಕೋಣೆ. ಎಲ್ಲೂ ಮಸಿ ಕಟ್ಟಿಲ್ಲ, ಎಲ್ಲೂ ತಡವರಿಸಿಲ್ಲ.

"ಯಾರು ಎಳೆದದ್ದು?" ಎಂದು ಕೇಳಿದಳು.

"ಅಬ್ದುಲ್ ಸತ್ತಾರ್ ಸಾಹೇಬರ ಮಗಳು, ಫಹ್ಮೀದಾ ಅಂತ. ಕಾಫಿ ಮೂಟೆ ಮೇಲೆ ಹೆಸರು ಹೊಡೆಯೋ ತಗಡಿನ ಅಚ್ಚು ಮಾಡ್ತಾರಲ್ಲ, ಅವರು. ಅಕ್ಷರ ಬರೆಯೋದೆಲ್ಲ ಆಕೇನೇ. ನಾನು ಮುಖ ನೋಡಿಲ್ಲ, ಪರದೆ ಹಿಂದಿಂದ ಮಾತಾಡ್ತಾರೆ. ಕೈ ಎಷ್ಟು ಸ್ಥಿರ ನೋಡು!"

ಮುಖ ನೋಡಿದ್ದರೆ ಚೆನ್ನಾಗಿತ್ತು. ಮುಖವಿದ್ದರೆ ಅದಕ್ಕೊಂದು ಕೊರತೆ ಹುಡುಕಬಹುದಿತ್ತು. ಮುಖವಿಲ್ಲದ ಆ ಕೈ ಮಾತ್ರ ನೀಲಾಂಬಿಕೆಯ ಮನೆಯೊಳಗೆ ಬಂದು ಕೂತುಬಿಟ್ಟಿತು. ಒಲೆ ಊದುವಾಗ, ಹೂ ಕಟ್ಟುವಾಗ, ಮಲಗಿದಾಗ, ಆ ಕೈ ತನ್ನ ಮೇಜಿನ ಮೇಲೆ ಸರಸರನೆ ಗೆರೆ ಎಳೆಯುತ್ತಿರುವುದು ಕಾಣುತ್ತಿತ್ತು. ಬೇರೆ ಹೆಂಗಸರು ಗಂಡ ಸಂತೆಯಲ್ಲಿ ಯಾರಿಗೋ ಬಳೆ ಕೊಡಿಸಿದನೆಂದು ಅಳುತ್ತಿದ್ದರು. ತಾನು ಒಂದು ಸರಳರೇಖೆಗೆ ಹೊಟ್ಟೆ ಉರಿದುಕೊಳ್ಳುತ್ತಿದ್ದೇನೆಂದು ಯಾರ ಮುಂದೆ ಹೇಳುವುದು?

ಮುಂದಿನ ವಾರ ಅವನು ನಗುತ್ತಾ ಬಂದ. "ಫಹ್ಮೀದಾ ಏನಂದ್ರು ಗೊತ್ತಾ? ಹೆಂಗಸರ ಕೋಣೆಗೆ ಹೋಗೋಕೆ ಗಂಡಸರು ಕೂತಿರೋ ಹಜಾರ ದಾಟಬೇಕಲ್ಲಾ, ಪಕ್ಕದ ಗೋಡೆಗೇ ಒಂದು ಬಾಗಿಲಿಟ್ರೆ ಮೋಟಾರಿಂದ ಇಳಿದು ನೇರ ಒಳಗೆ ಹೋಗಬಹುದು ಅಂದ್ರು. ನನಗೆ ಹೊಳೆದೇ ಇರಲಿಲ್ಲ. ತಕ್ಷಣ ಹಾಕಿಸಿಬಿಟ್ಟೆ."

"ಒಳ್ಳೇದಾಯ್ತು," ಎಂದಳು ನೀಲಾಂಬಿಕೆ. ಸಾರಿಗೆ ಎರಡನೇ ಸಲ ಉಪ್ಪು ಬಿತ್ತು. ಚರಂಡಿ ಹೇಳಿದವಳು ತಾನು. ಅದನ್ನು ಅವನು ಯಾರಿಗೂ ಹೀಗೆ ನಗುತ್ತಾ ಹೇಳಿಕೊಂಡಂತಿರಲಿಲ್ಲ.

ನಕ್ಷೆ ನೋಡಲು ಎಂಜಿನಿಯರ್ ಸಾಹೇಬರು ಬರುವ ಹಿಂದಿನ ದಿನ, ವೀರಭದ್ರಸ್ವಾಮಿ ಅಳತೆಯ ಸರಪಳಿ ಹಿಡಿಯುವ ಮಂಟಯ್ಯನನ್ನು ಕರೆದುಕೊಂಡು ಗೋಮಾಳದಲ್ಲಿ ಗುರುತಿನ ಬಾವುಟ ನೆಡಲು ಬೆಳಿಗ್ಗೆಯೇ ಹೊರಟ. ನಕ್ಷೆಗಳು ಮೇಜಿನ ಮೇಲಿದ್ದವು. ನೀಲಾಂಬಿಕೆ ದೂಳು ಒರೆಸಲು ಹೋದವಳು ಪ್ರಯಾಣಿಕರ ಕಟ್ಟಡದ ಹಾಳೆ ಬಿಡಿಸಿದಳು. ಆ ಪಕ್ಕದ ಬಾಗಿಲು ಚಿಕ್ಕದಾಗಿ, ಅಚ್ಚುಕಟ್ಟಾಗಿ, ಅಲ್ಲೇ ಹುಟ್ಟಿದ ಹಾಗೆ ಕೂತಿತ್ತು.

ಅವಳು ಬೆರಳನ್ನು ಚೊಂಬಿನ ನೀರಿನಲ್ಲಿ ಅದ್ದಿದಳು. ಅದ್ದಿದ ಬೆರಳನ್ನು ಬಾಗಿಲಿನ ಮೇಲಿಟ್ಟಳು.

ಗಂಜಿ ಕರಗಿತು, ಬಟ್ಟೆ ಉಬ್ಬಿತು, ಗೆರೆ ಎದ್ದು ಬೆರಳಿಗೆ ಅಂಟಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹೆಂಗಸರ ಕೋಣೆ ಪೂರ್ತಿ ಉಜ್ಜಿದಳು, ಹಜಾರದ ಅರ್ಧ ಉಜ್ಜಿದಳು. ಆ ಹಳೆಯ ಹುಳಿ ವಾಸನೆ ಮೂಗಿಗೆ ಬಡಿದಾಗ ಬೆಚ್ಚಿ ಕೈ ತೆಗೆದಳು. ಹಾಳಾದದ್ದು ಫಹ್ಮೀದಾಳ ಗೆರೆಯಷ್ಟೇ ಅಲ್ಲ. ನಾಳೆ ಸಾಹೇಬರ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾದವನು ತನ್ನ ಗಂಡ.

ತಾನೇ ಎಳೆಯೋಣವೆಂದು ಹೊಸ ಬಟ್ಟೆ ಹಾಸಿದಳು. ಮೊದಲ ಗೋಡೆಯೇ ಹಾವಿನಂತೆ ಹರಿಯಿತು. ಆಗ ಪೆನ್ಸಿಲ್ ನಕ್ಷೆ, ಕೆಟ್ಟ ಹಾಳೆ, ಹೊಸ ಬಟ್ಟೆ ಎಲ್ಲ ಸುತ್ತಿಕೊಂಡು, ಸೆರಗು ಹೊದ್ದು ಬೀದಿಗೆ ಬಂದು ಜಟಕಾ ಮಾದೇವನನ್ನು ಕೂಗಿದಳು.

ದಾರಿಯುದ್ದಕ್ಕೂ ಮಾದೇವ ಬಾಯಿ ಮುಚ್ಚಲಿಲ್ಲ. "ಅಲ್ಲ ಕಣವ್ವಾ, ಇಮಾನ ಇಳಿಯಾಕೆ ಅಷ್ಟೊಂದು ಜಾಗ ಯಾಕೆ? ಅದ್ದು ಮರದ ತುದೀಲಿ ಕೂರಾಕಿಲ್ವಾ?"

"ಹದ್ದಿಗೆ ಕಾಲಿದೆ, ವಿಮಾನಕ್ಕೆ ಚಕ್ರ ಇದೆ. ಬೇಗ ಓಡಿಸು ಮಾದೇವ."

"ನನ್ನ ಕುದ್ರೇಗೂ ಒಂದು ಗಾಳಿಚೀಲ ಕಟ್ಟುಸ್ಕೊಡಿ, ಓಡ್ತದೆ ಬುಡಿ!"

ಅಬ್ದುಲ್ ಸತ್ತಾರರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಮುನ್ನೀಬಿ ಗಾಬರಿಯಿಂದ ಚಾಪೆ ಕೊಡವಿ ಹಾಸಿ ಒಳಗೆ ಕರೆದರು. ಕಿಟಕಿ ಕೆಳಗೆ ಕೂತಿದ್ದವಳು ಎದ್ದು ನಿಂತಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಹೆಚ್ಚುಕಡಿಮೆ ನೀಲಾಂಬಿಕೆಯದೇ ವಯಸ್ಸು. ಬಲಗೈ ನಡುಬೆರಳಿನ ಪಕ್ಕದಲ್ಲಿ ಮಸಿಯ ಕಪ್ಪು ಗಂಟು. ಅದೇ ಜಾಗದಲ್ಲಿ ನೀಲಾಂಬಿಕೆಗೂ ಒಂದಿತ್ತು. ಜ್ವರದಲ್ಲಿ ಸಿಪ್ಪೆ ಸುಲಿದು ಹೋಗಿತ್ತು. ಕಣ್ಣಾರೆ ನೋಡಿದರೆ ಕಿಚ್ಚು ಆರುತ್ತದೆ ಎಂದುಕೊಂಡಿದ್ದಳು. ಆರಲಿಲ್ಲ.

ಫಹ್ಮೀದಾ ಕೆಟ್ಟ ಹಾಳೆ ಬಿಡಿಸಿ ನೋಡಿದಳು. ನೀರು ಚೆಲ್ಲಿದರೆ ಹೇಗೆ ಹರಡುತ್ತದೆ, ಬೆರಳು ಉಜ್ಜಿದರೆ ಹೇಗೆ ಎನ್ನುವುದು ಆ ಕೆಲಸದವರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಗಳಿಗೆ ಅವಳ ಮುಖ ಕೆಂಪಾಯಿತು. ಆಮೇಲೆ, "ಯಾವಾಗ ಬೇಕು?" ಎಂದಷ್ಟೇ ಕೇಳಿದಳು.

"ಸಂಜೆ. ಅವರು ಬರೋದರೊಳಗೆ."

ಫಹ್ಮೀದಾ ಹಲಗೆಯ ಮೇಲೆ ಬಟ್ಟೆ ಬಿಗಿದು, ಮಸಿ ಹಿಡಿಯಲೆಂದು ಸೀಮೆಸುಣ್ಣದ ಪುಡಿ ಉಜ್ಜಿ ಒರೆಸಿದಳು. ನೀಲಾಂಬಿಕೆ ಎದುರು ಕೂತು ಅಡಿಪಟ್ಟಿ ಒತ್ತಿ ಹಿಡಿದಳು. "ಕುಡಿಯೋ ನೀರೇನಾದ್ರೂ ಹತ್ತಿರ ಇದ್ರೆ ದೂರ ಇಡ್ಸಿ..." ಎಂದು ಸುತ್ತ ನೋಡಿದಳು.

"ರಂಜಾನ್ ಅಲ್ವಾ ಅಮ್ಮಾವ್ರೆ, ಹೊತ್ತು ಮುಳುಗೋವರೆಗೂ ಈ ಮನೇಲಿ ನೀರಿನ ಭಯ ಇಲ್ಲ," ಎಂದಳು ಫಹ್ಮೀದಾ.

ನೀಲಾಂಬಿಕೆ ತಲೆ ತಗ್ಗಿಸಿದಳು. ಈ ನಕ್ಷೆಗಳ ಅರ್ಧವನ್ನು ಆಕೆ ಒಣ ಗಂಟಲಿನಲ್ಲೇ ಎಳೆದಿರಬೇಕು.

ಗೋಡೆಗಳು ಒಂದೊಂದಾಗಿ ಎದ್ದವು. ಬಹಳ ಹೊತ್ತಿನ ಮೇಲೆ ಫಹ್ಮೀದಾ ಕಣ್ಣೆತ್ತದೆ ಅಂದಳು: "ನಿಮ್ಮೇಲೆ ನಂಗೆ ಎಷ್ಟು ಕೋಪ ಇತ್ತು ಗೊತ್ತಾ?"

"ನನ್ನ ಮೇಲಾ?"

"ಮಾದರಿಗೆ ಅಂತ ಓವರ್ಸಿಯರ್ ಸಾಬ್ರು ನೀವು ಎಳೆದ ಸೇತುವೆ ನಕ್ಷೆ ತಂದುಕೊಟ್ರು. ಮೂಲೆ ಕೂಡಿಸೋದಕ್ಕೆ ನೀಲಾನ್ನ ನೋಡಿ, ಅಕ್ಷರ ಬಾಗಿಸೋದಕ್ಕೆ ನೀಲಾನ್ನ ನೋಡಿ ಅಂತಿದ್ರು. ಪರದೆ ಈಚೆ ನಾನು ಹಲ್ಲು ಕಡೀತಿದ್ದೆ. ಎಷ್ಟು ಬಟ್ಟೆ ಕೆಡಿಸಿದೆ! ಆಮೇಲೆ ಅಂದ್ರು, ಜ್ವರದಲ್ಲಿ ಬಳಲಿದಾಳೆ, ಕೈ ನಡುಗೋದು ಅವಳಿಗೆ ಗೊತ್ತಾದ್ರೆ ನೊಂದ್ಕೋತಾಳೆ, ಹುಷಾರಾಗೋವರೆಗೆ ಮಾತ್ರ ನೀವು ಮಾಡಿ ಅಂತ." ಪೆನ್ನಿನ ತುದಿ ಒರೆಸಿದಳು. "ನಿಮ್ಮ ಕೈ ಬೇಗ ವಾಸಿಯಾಗ್ಲಿ ಅಂತ ದುವಾ ಕೇಳೋದಾ, ಬೇಡ್ವಾ, ನಂಗೇ ತಿಳೀತಿರ್ಲಿಲ್ಲ. ಮೂಟೆ ಮೇಲೆ ಹೆಸರು ಬರ್ದೂ ಬರ್ದೂ ಸಾಕಾಗಿತ್ತು. ಇದರಲ್ಲಿ ಒಂದು ಊರೇ ಕಟ್ಟಿದ ಹಾಗಿರುತ್ತೆ."

ನೀಲಾಂಬಿಕೆ ಜಾರುತ್ತಿದ್ದ ಪಟ್ಟಿಯನ್ನು ಮತ್ತೆ ಒತ್ತಿ ಹಿಡಿದಳು. ತನ್ನ ಗೆರೆಯನ್ನು ಗಂಡ ಆ ಮನೆಯಲ್ಲಿ ಅಷ್ಟು ಸಲ ಹೊಗಳಿದ್ದ. ತನ್ನ ಮನೆಯಲ್ಲಿ ಒಮ್ಮೆಯೂ ಇಲ್ಲ.

ಅಷ್ಟರಲ್ಲಿ ಸತ್ತಾರ್ ಸಾಹೇಬರು ಬಂದರು. ಕೆಟ್ಟ ಹಾಳೆ ಕಂಡು ಮಗಳ ಮೇಲೆ ರೇಗಿದರು. "ಯಾ ಅಲ್ಲಾ! ಸರ್ಕಾರಿ ಕಾಮ್ ಮೇಲೆ ನೀರು ಚೆಲ್ದ್ಯಾ?"

"ಅವರಲ್ಲ, ನಾನು," ಎಂದಳು ನೀಲಾಂಬಿಕೆ.

ಸಾಹೇಬರು ತಬ್ಬಿಬ್ಬಾದರು. "ಹೋಗ್ಲಿ ಬುಡಿ ತಾಯಿ, ಕೈ ತಪ್ಪೋದು ಯಾರಿಗಿಲ್ಲ."

"ಕೈ ತಪ್ಪಲಿಲ್ಲ ಸಾಹೇಬರೇ, ನಾನೇ..."

"ಅಬ್ಬಾಜಾನ್, ಬೆಳಕಿಗೆ ಅಡ್ಡ ನಿಂತಿದ್ದೀರಿ," ಎಂದು ಫಹ್ಮೀದಾ ನಡುವೆ ಬಾಯಿ ಹಾಕಿದಳು. "ಸ್ವಲ್ಪ ಆಚೆ ಹೋಗಿ." ಅವರು ಹೋದರು. ಮಾತು ಅಲ್ಲಿಗೇ ನಿಂತಿತು.

ಹೊತ್ತು ಇಳಿಯಿತು. ಉಳಿದದ್ದು ದಿಕ್ಕಿನ ಬಾಣ, ಹೊರಗಿನ ಚೌಕಟ್ಟು. ಫಹ್ಮೀದಾ ಪೆನ್ನನ್ನು ನೀಲಾಂಬಿಕೆಯ ಕಡೆ ಚಾಚಿದಳು. "ಬಾಣ ನೀವು ಹಾಕಿ."

ನೀಲಾಂಬಿಕೆ ಪೆನ್ನು ತೆಗೆದುಕೊಂಡಳು. ಎಷ್ಟು ಬೇಕಾಗಿತ್ತು ಅದು ಅವಳಿಗೆ! ಬಟ್ಟೆಯ ಮೇಲೆ ತುದಿ ತಂದು ಹಿಡಿದಳು. ತುದಿ ಗಾಳಿಯಲ್ಲಿ ಅದುರಿತು. ಇಬ್ಬರೂ ನೋಡಿದರು. ಅವಳು ಪೆನ್ನನ್ನು ತಿರುಗಿಸಿ ವಾಪಸು ಕೊಟ್ಟಳು.

"ನೀವೇ ಹಾಕಿ. ಮುಂದಿನ ನಕ್ಷೇನೂ ನೀವೇ. ಅವರಿಗೆ ನಾನು ಹೇಳ್ತೀನಿ." ಹೇಳುವಾಗ ಎದೆಯೊಳಗೆ ಸಣ್ಣಗೆ ಕುಟುಕಿತು. ಆದರೂ ಹೇಳಿದಳು.

ಮಸೀದಿಯಿಂದ ಉಪವಾಸ ಬಿಡುವ ಹೊತ್ತಿನ ಬಾಂಗು ಕೇಳಿಸಿತು. ಫಹ್ಮೀದಾ ಚೌಕಟ್ಟಿನ ಉದ್ದ ಗೆರೆಯ ನಡುವಿನಲ್ಲಿದ್ದಳು. ಆ ಗೆರೆಯನ್ನು ಮಧ್ಯದಲ್ಲಿ ಬಿಟ್ಟರೆ ಕೂಡಿಸಿದ ಜಾಗ ಎದ್ದು ಕಾಣುತ್ತದೆ. ಅವಳು ಏಳಲಿಲ್ಲ. ಮುನ್ನೀಬಿ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು, ಬಟ್ಟೆಯ ಹತ್ತಿರ ಬರಲು ಹೆದರಿ ನಿಂತರು. ಅಕ್ಕಿರೊಟ್ಟಿ, ಹುರುಳಿ ಸಾರು, ಒಂದು ಬಾಳೆಹಣ್ಣು.

ನೀಲಾಂಬಿಕೆ ಎದ್ದು ಹೋಗಿ ಕೈಚಾಚಿದಳು. ಲಿಂಗವಂತರ ಮನೆಯ ಹೆಣ್ಣುಮಗಳು ತಮ್ಮ ಒಲೆಯ ಊಟಕ್ಕೆ ಕೈಯೊಡ್ಡುವುದನ್ನು ಆ ಮುದುಕಿ ಕಂಡಿರಲಿಲ್ಲ. ಕೊಡಲೋ ಬೇಡವೋ ಎಂದು ತಡೆದರು. ನೀಲಾಂಬಿಕೆ ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡು ಬಂದು, ಗೆರೆ ಕೊನೆಮುಟ್ಟಿ ಪೆನ್ನು ಮೇಲೇಳುವವರೆಗೂ ನಿಂತಳು. ಆಮೇಲೆ ಬಗ್ಗಿ, ಅದನ್ನು ಫಹ್ಮೀದಾಳ ಕೈಗೆ ಕೊಟ್ಟಳು.