ಬೇಲಿಗೂಟದ ಹಳದಿ ಬೂಟು

ಎಡಕ್ಕೆ ತಿರುಗುತ್ತಿದ್ದಾರೆ, ಇಲ್ಲ, ನಿಂತರು, ಪರದೆಯ ಮೇಲಿನ ಪುಟ್ಟ ಅಂಚೆಯವಳು ಕವಲುದಾರಿಯಲ್ಲಿ ಒಂದು ಸುತ್ತು ಸುತ್ತಿ ಮತ್ತೆ ಎಡಕ್ಕೇ ಮುಖ ಮಾಡಿದ್ದಾಳೆ, ಕಾಗದ ಮುಟ್ಟಿಸಬೇಕಾದ ದೀಪಸ್ತಂಭ ಇರುವುದು ಬಲಕ್ಕೆ, ಅಷ್ಟೆತ್ತರ ನಿಂತು ಮಿನುಗುತ್ತಿದೆ, ಯಾರಿಗೂ ತಪ್ಪಿಹೋಗದ ಹಾಗೆ ಮಾಡಿದೀವಿ ಅಂತ ತಂಡದ ಮುಖ್ಯಸ್ಥ ಕ್ಯಾಲಮ್ ಜಂಬ ಕೊಚ್ಚಿಕೊಂಡಿದ್ದ, ಆದರೂ ಆಡುತ್ತಿರುವ ನೈರಿ ಆಂಟಿ ಎಡಕ್ಕೆ — ಯಾಕೆ, ಅಲ್ಲಿ ಏನು ಕಂಡಿತು ಅವರಿಗೆ, ಹಿಂದಿನ ಕುರ್ಚಿಯಲ್ಲಿ ರಿಪೆಕಾ ಉಸಿರು ಬಿಗಿಹಿಡಿದು ಕೂತಳು. ಕೇಳುವ ಹಾಗಿಲ್ಲ. ಹೊಸ ವಿಡಿಯೋ ಆಟ ಪರೀಕ್ಷಿಸುವ ಈ ಕೋಣೆಯ ಕಟ್ಟಳೆ ಅದು, ಆಡುವವರಿಗೆ ದಾರಿ ಹೇಳಬಾರದು, ಅವರೇ ಕೇಳಿದರೆ ಪ್ರಶ್ನೆಯನ್ನು ಅವರಿಗೇ ತಿರುಗಿಸಬೇಕು, ಉಳಿದಂತೆ ತೊಡೆಯ ಮೇಲಿನ ಹಾಳೆಯಲ್ಲಿ ಗುರುತು ಹಾಕುತ್ತಿರಬೇಕು, ಹಾಳೆಯಲ್ಲಿ ಎರಡೇ ಮನೆ, ಗುರಿಯತ್ತ ಹೋದರು, ದಾರಿ ತಪ್ಪಿದರು, ಮೂರು ನಿಮಿಷ ದಾಟಿದರೆ ಎರಡನೆಯದು. ಬೆಳಗಿನಿಂದ ನಾಲ್ಕು ಜನ ಆಡಿ ಹೋದರು, ನಾಲ್ವರೂ ಎಡಗಡೆಯ ಕಣಿವೆಗೆ ಕಾಲಿಟ್ಟು, ಇಲ್ಲೇನೂ ಇಲ್ವಲ್ಲ, ಈಗೆಲ್ಲಿಗೆ ಹೋಗ್ಬೇಕು ಅಂದರು, ಯಾರೂ ಬೇಲಿಯ ತನಕ ಹೋಗಲಿಲ್ಲ, ಬೇಲಿಯ ಗೂಟಕ್ಕೆ ಅಡ್ಡ ಹೊಡೆದ ಹಳದಿ ಬೂಟನ್ನು ನೋಡಲಿಲ್ಲ, ಐದನೇದೂ ಹೀಗೇ ಆದ್ರೆ ಶುಕ್ರವಾರ ಕಣಿವೆ ಕಿತ್ತುಹಾಕ್ತೀನಿ ರಿಪ್, ಬೇಜಾರು ಮಾಡ್ಕೋಬೇಡ, ಗಾಜಿನಾಚೆ ಕೂತ ಕ್ಯಾಲಮ್ ಅವಳ ಕಿವಿಯೊಳಗಿನ ಇಯರ್‌ಫೋನಿನಲ್ಲಿ ಹೇಳಿಬಿಟ್ಟಿದ್ದಾನೆ, ಎಂಟು ತಿಂಗಳು ಹುಲ್ಲು ಎಸಳೆಸಳಾಗಿ ಕೂರಿಸಿ ಅವಳು ಮಾಡಿದ ಕಣಿವೆ.

ಐದನೆಯವರು ನೈರಿ ಆಂಟಿ. ಎಪ್ಪತ್ತೊಂದು ವರ್ಷ, ಶಾಲೆಯ ಅಡುಗೆಮನೆಯಿಂದ ನಿವೃತ್ತಿ, ಬರುವಾಗ ತಗಡಿನ ಡಬ್ಬಿ ತುಂಬ ಪುಟ್ಟ ದೋಸೆಯಂಥ ಪೈಕ್ಲೆಟ್ ಸುಟ್ಟು ತಂದಿದ್ದಾರೆ, ಬೆಣ್ಣೆಯ ಕೈಯಲ್ಲೇ ಆಟದ ಹಿಡಿಕೆ ಹಿಡಿದು ಕಣಿವೆಯೊಳಕ್ಕೆ ಇಳಿಯುತ್ತಿದ್ದಾರೆ, ಕಲ್ಲೊಂದನ್ನು ಒದ್ದರು, ಉರುಳಿತು, ಅದು ಎಲ್ಲಿವರೆಗೆ ಉರುಳುತ್ತದೆಂದು ನಿಂತು ನೋಡಿದರು, ತೊರೆಯನ್ನು ಮೂರು ಸಲ ಆಚೆಗೂ ಈಚೆಗೂ ದಾಟಿದರು, ಸುಮ್ಮನೆ, ಆ ಗುಡ್ಡದ ಹಿಂದೆ ಏನಿದೆ ಮಗಳೇ, ಏನಿರಬಹುದು ಅನ್ಸುತ್ತೆ ಆಂಟಿ ನಿಮಗೆ, ನಾ ಕೇಳಿದ್ದು ನಿನ್ನ, ನೀನು ನನಗೇ ಪಾಠ ಮಾಡ್ತೀಯಲ್ಲ. ರಿಪೆಕಾಗೆ ನಗು ಬಂತು, ನುಂಗಿಕೊಂಡಳು. ಮೂರು ನಿಮಿಷ ಆಯ್ತು ರಿಪ್, ದಾರಿ ತಪ್ಪಿದ್ರು, ಗುರುತು ಹಾಕು, ಕಿವಿಯಲ್ಲಿ ಕ್ಯಾಲಮ್, ಪೆನ್ಸಿಲು ಎರಡನೇ ಮನೆಯ ಮೇಲೆ ಬಂದು ನಿಂತಿತು, ಒಂದೇ ಒಂದು ಪ್ರಶ್ನೆಗೆ ಮಾತ್ರ ಕಟ್ಟಳೆಯಲ್ಲಿ ಅವಕಾಶವಿದೆ, ಈಗ ಏನು ಮಾಡ್ತಿದೀರಿ ಅಂತ ಬಾಯಿಬಿಟ್ಟು ಹೇಳ್ತೀರಾ ಆಂಟಿ. ಯಾಕೆ, ದಾರಿ ತಪ್ಪಿದೀನಿ ಅಂದ್ಕೊಂಡ್ಯಾ, ದೀಪಸ್ತಂಭ ಬಲಗಡೆ ಇದೆ, ನಂಗೂ ಕಣ್ಣಿದೆ, ಸುಮ್ನೆ ಸುತ್ತಾಡ್ಕೊಂಡು ಟೀಕಿ ಟೂರ್ ಹೊಡೀತಿದೀನಿ ಅಷ್ಟೆ, ಆಮೇಲೆ ಹೋದ್ರಾಯ್ತು.

ಟೀಕಿ ಟೂರ್ — ಎಷ್ಟು ದಿನವಾಯಿತು ಈ ಮಾತು ಕಿವಿಗೆ ಬಿದ್ದು, ಹಾಲು ತರೋಕೆ ಅಂತ ಹೋದೋರು ಎರಡು ಗಂಟೆ ಟೀಕಿ ಟೂರ್ ಹೊಡ್ಕೊಂಡು ಬಂದ್ರಾ ಅಪ್ಪ ಮಗಳು, ಬಾಗಿಲಲ್ಲೇ ಅಮ್ಮ, ಅಪ್ಪನ ಬಾಯಲ್ಲಿ ನಗು, ಆ ರಸ್ತೆ ಎಲ್ಲಿಗೆ ಹೋಗುತ್ತೆ ಅಂತ ನೋಡೋಣ ಅನ್ನಿಸ್ತು ಕಣೆ. ಒವಾಕಾ ಊರಿನ ಆಚೆ ಹೊಲಮನೆಗಳಿಗೆಲ್ಲ ಅಪ್ಪ ವ್ಯಾನಿನಲ್ಲಿ ಅಂಚೆ ಹಂಚುತ್ತಿದ್ದ, ಶಾಲೆಗೆ ರಜೆ ಬಂದರೆ ಅವಳು ಮುಂದಿನ ಸೀಟಿನಲ್ಲಿ, ಕುರಿಗಳು, ಸಮುದ್ರದ ಗಾಳಿ, ಮಣ್ಣುರಸ್ತೆ ಕವಲೊಡೆದಲ್ಲೆಲ್ಲ ಅಪ್ಪನ ಬೆರಳು ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಿತ್ತು, ಎಡವೋ ಬಲವೋ ಹೇಳು ರಿಪ್. ಕೊನೆಯ ಸಲ ಅಪ್ಪನನ್ನು ನೋಡಲು ಇನ್ವರ್ಕಾರ್ಗಿಲ್‌ನ ಆಸ್ಪತ್ರೆಗೆ ಅವಳು ಡನೀಡನ್‌ನಿಂದ ಹೆದ್ದಾರಿಯಲ್ಲೇ ಹೋಗಿದ್ದಳು, ಎರಡೂವರೆ ಗಂಟೆ, ಎಲ್ಲೂ ನಿಲ್ಲಿಸಲಿಲ್ಲ, ದಾರೀಲಿ ಏನೇನು ಕಂಡೆ ಮಗಳೇ, ಏನೂ ಇಲ್ಲ ಅಪ್ಪ, ನೇರ ಬಂದೆ, ಏನೂ ಇಲ್ವಾ, ಅಂದು ಅಪ್ಪ ಕಿಟಕಿಯ ಕಡೆ ತಿರುಗಿದ, ಮಂಗಳವಾರ ಹೋಗಿಬಿಟ್ಟ. ಒಂದು ಸುಳ್ಳಾದರೂ ಹೇಳಬಹುದಿತ್ತು, ಒಂದು ಕುರಿ ಕಂಡೆ ಅಂತ. ಆ ಸಂಕಟಕ್ಕೇ ಅವಳು ಕಣಿವೆ ಕಟ್ಟಲು ಕೂತದ್ದು, ಗುರಿಯಿಲ್ಲ, ಬಹುಮಾನವಿಲ್ಲ, ಹುಲ್ಲು, ತೊರೆ, ಬೇಲಿ, ಹಳದಿ ಬೂಟು. ಬೂಟು ಯಾಕೆ, ಇದರಿಂದ ಏನು ಉಪಯೋಗ ಅಂತ ಕ್ಯಾಲಮ್ ಕೇಳಿದ್ದ, ಗೊತ್ತಿಲ್ಲ ಅಂದಿದ್ದಳು, ನಿಜವಾಗಿಯೂ ಗೊತ್ತಿರಲಿಲ್ಲ, ಎಲ್ಲೋ ನೋಡಿದ್ದು, ಗೂಟಕ್ಕೆ ಅಡ್ಡಲಾಗಿ ಮೊಳೆ ಹೊಡೆದ ಮಳೆಗಾಲದ ಬೂಟು, ಬಾಯಿ ರಸ್ತೆಯ ಕಡೆ, ಅಷ್ಟೇ ನೆನಪಿತ್ತು, ಹೊಸದಾಗಿ ಮಾಡಲು ಸೋಮಾರಿತನವಾಗಿ ಆಟದಲ್ಲಿದ್ದ ಪೆಟ್ಟಿಗೆಯನ್ನೇ ತಿದ್ದಿ ಬೂಟು ಮಾಡಿದ್ದಳು.

ಅಯ್ಯೋ ನೋಡಿಲ್ಲಿ, ಅಂದರು ಆಂಟಿ, ಮೆಲ್ಲಗೆ. ಬೇಲಿಯ ಹತ್ತಿರ ಬಂದಿದ್ದಾರೆ, ಬೂಟಿನ ಎದುರೇ ನಿಂತಿದ್ದಾರೆ, ಅಂಚೆಯವಳು ಬಗ್ಗಿ ಒಳಗೆ ಇಣುಕುತ್ತಿದ್ದಾಳೆ, ಏನು ಮಾಡುತ್ತಾರೆ ಈಗ, ಒದೆಯುತ್ತಾರಾ, ಹಾಗೇ ಮುಂದೆ ಹೋಗುತ್ತಾರಾ — ಆಂಟಿ ಗುಂಡಿ ಒತ್ತಿದರು, ಅಂಚೆಯವಳು ಚೀಲಕ್ಕೆ ಕೈ ಹಾಕಿ ದೀಪಸ್ತಂಭದ ಕಾಗದ ತೆಗೆದಳು, ಬೂಟಿನೊಳಗೆ ತುರುಕಿದಳು. ಬೂಟು ಅದನ್ನು ತೆಗೆದುಕೊಂಡಿತು, ರಿಪೆಕಾ ತಿದ್ದಿದ ಪೆಟ್ಟಿಗೆ ಟಪಾಲಿನದೇ ಆಗಿತ್ತಲ್ಲ. ರಿಪ್, ಅದು ವಾಪಸ್ ಬರಲ್ಲ, ಕ್ಯಾಲಮ್‌ನ ದನಿ ಏರಿತು, ಇರೋದೇ ಒಂದು ಕಾಗದ, ಇನ್ನು ಈ ಆಟ ಮುಗಿಯೋದೇ ಇಲ್ಲ, ದಾರಿ ತಪ್ಪಿದ್ರು ಅಂತ ಹಾಕು. ಒಳಗೆ ಹಿಡಿಸುತ್ತೋ ಇಲ್ವೋ ನೋಡೋಣ ಅನ್ನಿಸ್ತು, ಆಂಟಿ ಪೈಕ್ಲೆಟ್ ಕಚ್ಚುತ್ತಾ ಹೇಳುತ್ತಿದ್ದಾರೆ, ನಮ್ ಕಡೆ ಗಾಳಿಗೆ ಟಪಾಲು ಡಬ್ಬಿ ಹಾರಿಹೋದ್ರೆ ಹಿಂಗೇ ಬೂಟು ಹೊಡೀತಿದ್ರು, ಅಂಚೆಯೋನು ಅದರೊಳಗೇ ಹಾಕ್ಕೊಂಡು ಹೋಗ್ತಿದ್ದ, ನಿಂಗೆ ಗೊತ್ತಿಲ್ವಾ. ವ್ಯಾನಿನ ಕಿಟಕಿ ಇಳಿಯಿತು, ಅಪ್ಪನ ಕೈ ಹೊರಗೆ ಚಾಚಿತು, ಮೊಣಕೈವರೆಗೂ ಬೂಟಿನೊಳಗೆ, ಹಾಕಿದೆ ರಿಪ್, ಈಗ ಎಡವೋ ಬಲವೋ ಹೇಳು — ಗೊತ್ತಿತ್ತು, ಇಷ್ಟು ವರ್ಷ ಗೊತ್ತಿತ್ತು ಅವಳಿಗೆ. ಕಣ್ಣು ತುಂಬಿ ಹಾಳೆಯ ಎರಡು ಮನೆಯೂ ಒಂದಾದವು, ಪೆನ್ಸಿಲು ಯಾವುದರ ಮೇಲೂ ಇಳಿಯಲಿಲ್ಲ. ಕಿವಿಯೊಳಗೆ ಮತ್ತೆ ಕ್ಯಾಲಮ್, ಈ ಸಲ ದನಿ ತಗ್ಗಿತ್ತು. ಅಲ್ಲ ರಿಪ್, ಈಗ ಅದನ್ನ ಯಾರು ಬಂದು ತಗೋತಾರೆ. ಯಾರಿರಬಹುದು ಅನ್ಸುತ್ತೆ ನಿಂಗೆ, ಅಂದಳು. ಗೊತ್ತಿಲ್ಲ, ಆ ಗುಡ್ಡದ ಹಿಂದೆ ಮನೆ ಇರ್ಬೇಕೇನೋ, ಶುಕ್ರವಾರ ನೀನೂ ನಾನೂ ಕೂತು ನೋಡೋಣ, ಏನೇನೋ ಹೇಳುತ್ತಲೇ ಇದ್ದ, ಅವಳಿಗೆ ಕೇಳಲಿಲ್ಲ, ಪರದೆಯ ಮೇಲೆ ಗೂಟ, ಗೂಟಕ್ಕೆ ಹಳದಿ ಬೂಟು, ಬೂಟಿನ ಬಾಯಲ್ಲಿ ಕಾಗದದ ಒಂದು ಬಿಳಿ ಮೂಲೆ, ಹಳದಿ ಬೂಟು, ಬಿಳಿ ಮೂಲೆ